ಪಾಸ್‌ಪೋರ್ಟ್ ಇಲ್ದೆ ಫಾರಿನ್: ನೇಪಾಳ, ಹದಿನೆಂಟು ಸಾವಿರದಲ್ಲಿ

ಭಾಗ 1

ಮೊದಲೇ ಹೇಳ್ಬಿಡ್ತೀನಿ, ಈ ಫೋಟೋ ನೋಡಿ ಮೋಸ ಹೋಗ್ಬೇಡಿ. ನನ್ನ ಹಿಂದೆ ಕಾಣ್ತಿರೋ ಹಿಮದ ಬೆಟ್ಟ ನನಗೆ ಕಂಡಿದ್ದು ಇಡೀ ಟ್ರಿಪ್ಪಲ್ಲಿ ಇಪ್ಪತ್ತೇ ನಿಮಿಷ. ಮಿಕ್ಕಿದ್ದೆಲ್ಲ ಮೋಡ, ಮಳೆ, ಕೆಸರು, ಒಣಗದ ಸಾಕ್ಸು. ಮಳೆಗಾಲದಲ್ಲಿ ಹೋದ್ರೆ ರೂಮು ಅಗ್ಗಕ್ಕೆ ಸಿಗುತ್ತೆ, ಬೆಟ್ಟ ಸಿಗಲ್ಲ. ನನ್ನ ಹತ್ರ ದುಡ್ಡು ಕಮ್ಮಿ ಇತ್ತು, ಅದಕ್ಕೆ ಮಳೆಗಾಲ.

ಸ್ಟೋರಿ ಹಾಕಿದಾಗಿಂದ ಡಿಎಂ ತುಂಬ ಮೂರೇ ಪ್ರಶ್ನೆ. ಎಷ್ಟಾಯ್ತು? ಮನೇಲಿ ಹೆಂಗೆ ಬಿಟ್ರು? ಪಾಸ್‌ಪೋರ್ಟ್ ಯಾವಾಗ ಮಾಡಿಸ್ದೆ?

ಪಾಸ್‌ಪೋರ್ಟ್ ಇವತ್ತಿಗೂ ಇಲ್ಲ. ನಾವು ನೇಪಾಳಕ್ಕೆ ಹೋಗೋಕೆ ವೀಸಾ ಬೇಡ, ವೋಟರ್ ಐಡಿ ಇದ್ರೆ ಸಾಕು. (ಆಧಾರ್ ಒಂದನ್ನೇ ನಂಬ್ಕೊಂಡು ಹೊರಡ್ಬೇಡಿ.) ಇದಕ್ಕೆ ಕಾರಣ 1950ರಲ್ಲಿ ಎರಡೂ ದೇಶ ಮಾಡ್ಕೊಂಡ ಒಪ್ಪಂದ. ಈ ಕಡೆಯವರು ಆ ಕಡೆ, ಆ ಕಡೆಯವರು ಈ ಕಡೆ ಓಡಾಡಬಹುದು, ಉಳೀಬಹುದು, ದುಡೀಬಹುದು. ಆ 'ದುಡೀಬಹುದು' ಅನ್ನೋದನ್ನ ನಾನು ಹೊರಡೋ ಮುಂಚೆ ಓದಿದ್ದೆ, ಆದ್ರೆ ಗಮನ ಕೊಟ್ಟಿರ್ಲಿಲ್ಲ. ನನ್ನ ತಲೇಲಿ ಇದ್ದಿದ್ದು ಓಡಾಟ ಮಾತ್ರ.

ದುಡ್ಡು: ಶನಿವಾರ ಭಾನುವಾರ ಒಂದು ಆಡಿಟರ್ ಆಫೀಸಲ್ಲಿ ಜಿಎಸ್‌ಟಿ ಬಿಲ್ ಎಂಟ್ರಿ ಮಾಡ್ತೀನಲ್ಲ, ಅದರಿಂದ ಉಳಿಸಿದ್ದು. ಹದಿನೆಂಟು ಸಾವಿರ.

ಮನೆ: ಅಮ್ಮ ಮೂರು ದಿನ ಮಾತು ಬಿಟ್ಲು. ನಾಲ್ಕನೇ ದಿನ ಒಂದೇ ಕಂಡೀಷನ್, ದಿನಾ ಸಂಜೆ ಏಳು ಗಂಟೆಗೆ ಫೋನ್ ಬರ್ಬೇಕು. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಾನು ದಾವಣಗೆರೆಯಿಂದ ಬೆಂಗಳೂರಿಗೆ ಹೊರಟಾಗ ಬಸ್‌ಸ್ಟ್ಯಾಂಡಿಗೆ ಬಂದು ಒಂದು ಟಾರ್ಚ್ ಕೊಟ್ರು. "ಹೊಸಾ ಸೆಲ್ ಹಾಕೀನವ್ವಾ" ಅಂದ್ರು, ಅಷ್ಟೇ.

ಭಾಗ 2

ಯಶವಂತಪುರದಿಂದ ಗೋರಖ್‌ಪುರಕ್ಕೆ ನೇರ ರೈಲಿದೆ. ಎರಡು ರಾತ್ರಿ. ಸ್ಲೀಪರ್ ಟಿಕೆಟ್ ಒಂಬೈನೂರರ ಆಸುಪಾಸು. ಅಪ್ಪರ್ ಬರ್ತ್ ತಗೊಳ್ಳಿ, ಹುಡುಗೀರಿಗಂತೂ ಅದೇ ಸೇಫು. ಬ್ಯಾಗ್ ತಲೆಕೆಳಗೆ, ಚೈನ್ ಕಾಲ ಹತ್ರ.

ನನ್ನ ಕಂಪಾರ್ಟ್‌ಮೆಂಟಲ್ಲಿ ಟ್ರಿಪ್ಪಿಗೆ ಅಂತ ಹೊರಟವಳು ನಾನೊಬ್ಬಳೇ. ಮಿಕ್ಕವರೆಲ್ಲ ಊರಿಗೆ ಹೋಗ್ತಿದ್ರು. ಪೇಂಟಿಂಗ್, ಟೈಲ್ಸ್, ಹೋಟೆಲ್ ಕಿಚನ್, ಸೆಕ್ಯುರಿಟಿ. ಕೆಳಗಿನ ಸೀಟಲ್ಲಿ ಒಂದು ನೇಪಾಳಿ ಕುಟುಂಬ. ಅವರ ಹತ್ರ ಕುಕ್ಕರು, ಟೇಬಲ್ ಫ್ಯಾನು, ಮಗುವಿನ ಮೂರು ಗಾಲಿ ಸೈಕಲ್ಲು. ಆ ಸೈಕಲ್ ಎರಡು ದಿನ ಎಲ್ಲರ ಕಾಲಿಗೂ ತಗುಲ್ತು, ಯಾರೂ ಬೈಲಿಲ್ಲ.

ಆ ಮನುಷ್ಯ ಹಿಂದೀಲಿ ಕೇಳ್ದ, ನೇಪಾಳದಲ್ಲಿ ಕೆಲಸನಾ? ಇಲ್ಲ. ನೆಂಟರಿದ್ದಾರಾ? ಇಲ್ಲ. ಹರಕೆನಾ? ಅಲ್ಲ. ಸುಮ್ನೆ ಸುತ್ತೋಕೆ ಅಂದೆ. ಅವನು ಹೆಂಡತಿ ಮುಖ ನೋಡ್ದ. ಅವಳು ನನ್ನ ಬ್ಯಾಗ್ ನೋಡಿದ್ಲು. ಆಮೇಲೆ ಇಬ್ಬರೂ ನನಗೆ ಚಪಾತಿ ಆಲೂಗಡ್ಡೆ ಪಲ್ಯ ಕೊಟ್ರು. ಮನೆಯಲ್ಲಿ ಏನೋ ಗಲಾಟೆ ಮಾಡ್ಕೊಂಡು ಬಂದಿರೋ ಹುಡುಗಿ ಅಂದ್ಕೊಂಡ್ರು ಅನ್ಸುತ್ತೆ.

ನಾನು ಆ ಚಪಾತಿಯ ರೀಲ್ ಮಾಡಿ "ಕೈಂಡ್‌ನೆಸ್ ಆಫ್ ಸ್ಟ್ರೇಂಜರ್ಸ್" ಅಂತ ಹಾಕಿದ್ದೆ. ನೀವು ನೋಡಿದೀರ. ನಾನೂರು ಲೈಕ್ ಬಂದಿತ್ತು.

ಭಾಗ 3

ಗೋರಖ್‌ಪುರದಿಂದ ಸುನೌಲಿಗೆ ಬಸ್ಸಲ್ಲಿ ಸುಮಾರು ಮೂರು ಗಂಟೆ. ಗಡಿ ಅಂದ್ರೆ ಮುಳ್ಳುತಂತಿ, ಬಂದೂಕು ಅಂತ ಕಲ್ಪನೆ ಮಾಡ್ಕೊಂಡಿದ್ದೆ. ಅಲ್ಲಿ ಇರೋದು ಒಂದು ದೊಡ್ಡ ಕಮಾನು, ಲಾರಿಗಳ ಸಾಲು, ಸೈಕಲ್ ರಿಕ್ಷಾ, ಈರುಳ್ಳಿ ಚೀಲ. ನಮ್ಮೂರ ಎಪಿಎಂಸಿ ಯಾರ್ಡ್ ಗೇಟ್ ಥರ. ನಡ್ಕೊಂಡು ದಾಟಿದೆ. ಪೊಲೀಸಮ್ಮ ಒಬ್ರು ಬ್ಯಾಗ್ ಬಿಚ್ಚಿಸಿ, ಕಾರ್ಡ್ ನೋಡಿ, ಹೋಗು ಅಂದ್ರು. ಎರಡು ನಿಮಿಷ. ಅಷ್ಟೇ, ಫಾರಿನ್!

ಎದುರಿಗೆ ಗಂಡಸರ ಸಾಲು, ಇಂಡಿಯಾ ಕಡೆ ಬರ್ತಿರೋದು. ಅವರ ಬೆನ್ನಲ್ಲೂ ಬ್ಯಾಗ್. ನನ್ನದಕ್ಕಿಂತ ಚಿಕ್ಕದು.

ಆ ಕಡೆ ಕಾಲಿಟ್ಟ ಕೂಡ್ಲೇ ಗಡಿಯಾರ ಹದಿನೈದು ನಿಮಿಷ ಮುಂದೆ. ಕ್ಯಾಲೆಂಡರ್ ಇನ್ನೂ ಮುಂದೆ. ಅವರದ್ದು ವಿಕ್ರಮ ಸಂವತ್, ನನ್ನ ಬಸ್ ಟಿಕೆಟ್ ಮೇಲೆ ವರ್ಷ 2082 ಅಂತ ಬರ್ದಿತ್ತು. ಅಂದ್ರೆ ನಾನು ಡಿಗ್ರಿ ಮುಗಿಸಿ ರಿಟೈರೂ ಆಗಿದೀನಿ.

ಲುಂಬಿನಿಯಲ್ಲಿ ಎರಡು ರಾತ್ರಿ. ಬೇರೆ ಬೇರೆ ದೇಶದವರು ಕಟ್ಟಿಸಿರೋ ಬೌದ್ಧ ವಿಹಾರಗಳು ಅಲ್ಲಿವೆ, ಕೊರಿಯಾದವರ ವಿಹಾರದಲ್ಲಿ ಕಡಿಮೆ ದುಡ್ಡಿಗೆ ಹಾಸಿಗೆ, ಊಟ ಎರಡೂ. ಸೈಕಲ್ ಬಾಡಿಗೆಗೆ ತಗೊಂಡು ಸುತ್ತಿ, ನಡೆದ್ರೆ ಕಾಲು ಬೀಳುತ್ತೆ. ಬುದ್ಧ ಹುಟ್ಟಿದ ಜಾಗದ ಪಕ್ಕ ಅಶೋಕನ ಕಂಬ. ನಮ್ಮ ಮಸ್ಕಿ ಶಾಸನ ಬರೆಸಿದ ಅದೇ ಅಶೋಕ. ಆ ಕಂಬದ ಮೇಲೆ ಏನು ಬರ್ದಿದೆ ಅಂತ ಗೊತ್ತಾದಾಗ ನಾನು ನಕ್ಕುಬಿಟ್ಟೆ: ಬುದ್ಧ ಇಲ್ಲಿ ಹುಟ್ಟಿದ, ಅದಕ್ಕೇ ಈ ಊರಿಗೆ ತೆರಿಗೆ ಮಾಫಿ, ಬೆಳೆಯಲ್ಲಿ ಎಂಟನೇ ಒಂದು ಪಾಲು ಕೊಟ್ರೆ ಸಾಕು. ಎರಡು ಸಾವಿರ ವರ್ಷದ ಹಿಂದಿನ ಟ್ಯಾಕ್ಸ್ ನೋಟಿಫಿಕೇಷನ್ನು ಸ್ವಾಮಿ! ನಮ್ಮ ಆಡಿಟರ್ ಸರ್‌ಗೆ ಫೋಟೋ ಕಳಿಸಿದೆ. "ಸರ್ಕ್ಯುಲರ್ ನಂಬರ್ ಇಲ್ಲ" ಅಂತ ರಿಪ್ಲೈ ಬಂತು.

ಭಾಗ 4

ಇದನ್ನ ಸೇವ್ ಮಾಡಿಟ್ಕೊಳ್ಳಿ, ದುಡ್ಡಿನ ವಿಷಯ.

ನಮ್ಮ 100 ಅಂದ್ರೆ ಅವರ 160. 1993ರಿಂದ ಹಂಗೇ ಇದೆ, ಫಿಕ್ಸೆಡ್ ರೇಟ್. ಹಾಗಾಗಿ ಬೆಲೆ ಕೇಳಿದಾಗ ಇಂಡಿಯನ್ನಾ ನೇಪಾಳಿನಾ ಅಂತ ಕೇಳಿ, ಆಮೇಲೆ ಬಾಯಿ ಬಿಡಿ. ನಾನು ಒಂದು ಛತ್ರಿಗೆ ಮುನ್ನೂರು ಅಂದಾಗ ಮುನ್ನೂರು ಕೊಟ್ಟೆ, ಇಂಡಿಯನ್ನು. ಹಂಗೆ ಕಳ್ಕೊಂಡಿದ್ದು ನೂರು ರೂಪಾಯಿ ಚಿಲ್ಲರೆ. ಬಿಕಾಂ ಅಂತೆ ಬಿಕಾಂ.

ನಾನು ಹೋದಾಗ ನಮ್ಮ ದೊಡ್ಡ ನೋಟಿಗೆ ಅಲ್ಲಿ ತಕರಾರಿತ್ತು, ನೂರರ ನೋಟೇ ಬಂಡಲ್ ಕಟ್ಕೊಂಡು ಹೋಗಿದ್ದೆ. ಈ ರೂಲ್ ಬದಲಾಗ್ತಾ ಇರುತ್ತೆ, ಹೊರಡೋ ಮುಂಚೆ ನೋಡ್ಕೊಳ್ಳಿ. ಯುಪಿಐ ಕೆಲವು ಕಡೆ ಕ್ಯೂಆರ್‌ನಲ್ಲಿ ನಡೆಯುತ್ತೆ, ಅದನ್ನೇ ನಂಬ್ಕೊಂಡು ಬೆಟ್ಟ ಹತ್ತಬೇಡಿ.

ಊಟಕ್ಕೆ ದಾಲ್ ಭಾತ್. ಅನ್ನ, ಬೇಳೆ, ಸೊಪ್ಪು, ಉಪ್ಪಿನಕಾಯಿ. ಒಂದು ತಟ್ಟೆ ದುಡ್ಡಿಗೆ ಅನ್ನ ಬೇಳೆ ಎಷ್ಟು ಸಲ ಬೇಕಾದ್ರೂ ಹಾಕ್ತಾರೆ. ಬೆಳಿಗ್ಗೆ ಹತ್ತಕ್ಕೆ ಗಡದ್ದಾಗಿ ತಿಂದ್ರೆ ರಾತ್ರಿವರೆಗೆ ಟೀ ಮೇಲೆ ನಡೆಯುತ್ತೆ. "ದಾಲ್ ಭಾತ್ ಪವರ್, 24 ಅವರ್" ಅಂತ ಟೀಶರ್ಟೇ ಮಾರ್ತಾರೆ. ನಾನು ತಗೊಳ್ಲಿಲ್ಲ, ಅದರ ಬೆಲೇಲಿ ಎರಡು ದಾಲ್ ಭಾತ್ ಬರುತ್ತೆ.

ಈಗ ನಾನು ಮಾಡಿದ ತಪ್ಪು. ನೇಪಾಳದ ಸಿಮ್ ತಗೊಳ್ಲಿಲ್ಲ. ವೈಫೈ ಎಲ್ಲಾ ಕಡೆ ಇದೆಯಲ್ಲ, ಯಾಕೆ ದುಡ್ಡು ದಂಡ ಅಂತ. ಹಾಸ್ಟೆಲ್‌ನಲ್ಲಿ, ಹೋಟೆಲ್‌ನಲ್ಲಿ ಇರುತ್ತೆ ನಿಜ. ಬೆಟ್ಟ ಕುಸಿದ ರಸ್ತೇಲಿ ಇರಲ್ಲ.

ಭಾಗ 5

ಲುಂಬಿನಿಯಿಂದ ಬುಟ್ವಲ್, ಬುಟ್ವಲ್‌ನಿಂದ ಪೋಖರಾ. ರಸ್ತೆ ಹೆಸರು ಸಿದ್ಧಾರ್ಥ ಹೈವೇ. ಬುದ್ಧನ ಹೆಸರಿಟ್ಟಿದ್ದಾರೆ, ಕೂತವರಿಗೆ ಶಾಂತಿ ಮಾತ್ರ ಇಲ್ಲ. ಬುಟ್ವಲ್ ಬಿಟ್ಟ ಕೂಡ್ಲೇ ಬೆಟ್ಟ ಶುರು. ಸಿದ್ಧಬಾಬಾ ಅನ್ನೋ ಜಾಗದಲ್ಲಿ ಮೇಲಿಂದ ಕಲ್ಲು ಬೀಳೋದು ಮಾಮೂಲು, ನಾನು ಹೋದಾಗ ಅಲ್ಲಿ ಸುರಂಗದ ಕೆಲಸ ನಡೀತಿತ್ತು. ಅಲ್ಲಿ ಬಸ್ಸಲ್ಲಿದ್ದವರೆಲ್ಲ ಸುಮ್ಮನಾದ್ರು. ದಾಟಿದ ಮೇಲೆ ಮತ್ತೆ ಹಾಡು ಹಾಕಿದ್ರು.

ತಾನ್‌ಸೇನ್ ದಾಟಿ ಕಾಳಿಗಂಡಕಿ ನದಿ ಕಡೆ ಇಳಿಯೋವಾಗ ಬಸ್ ನಿಂತೋಯ್ತು. ಮುಂದೆ ಲಾರಿಗಳು, ಅದರ ಮುಂದೆ ಮಣ್ಣು. ರಸ್ತೇನೇ ಇಲ್ಲ, ಮಣ್ಣಿನ ಗುಡ್ಡ ಇತ್ತು. ಸಂಜೆ ಆರೂವರೆ. ಬೆಳಿಗ್ಗೆ ಮಷಿನ್ ಬಂದ ಮೇಲೇನೇ ಅಂದ ಕಂಡಕ್ಟರ್. ಗಂಡಸರು ಬಸ್ಸಲ್ಲೇ ಮಲಗಲಿ, ನೀವು ಅಲ್ಲಿ ಹೋಗಿ ಅಂತ ನನಗೂ ಮಗು ಎತ್ಕೊಂಡಿದ್ದ ಒಬ್ಬ ಅಕ್ಕನಿಗೂ ರಸ್ತೆ ಪಕ್ಕದ ಒಂದು ತಗಡಿನ ಅಂಗಡಿ ತೋರಿಸ್ದ.

ಏಳು ಗಂಟೆ ಆಯ್ತು. ಏಳೂವರೆ. ದಾವಣಗೆರೆಯಲ್ಲಿ ಅಮ್ಮ ಫೋನ್ ಕೈಲಿ ಹಿಡ್ಕೊಂಡು ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ಓಡಾಡೋದು ನನಗೆ ಇಲ್ಲಿಂದ ಕಾಣ್ತಿತ್ತು. ಮೊಬೈಲ್ ಎತ್ತಿ ಹಿಡಿದು ಅಂಗಡಿ ಸುತ್ತ ಮೂರು ಸುತ್ತು ಹಾಕಿದೆ. ಆಗಲ್ಲ ಅಂತ ಗೊತ್ತಿದ್ರೂ. ಕೊನೆಗೆ ಅಳು ಬಂದು ಜೋರಾಗೇ ಅಂದೆ, "ಥೂ, ಒಂದು ಕಡ್ಡಿನೂ ಬರ್ತಿಲ್ವಲ್ಲಪ್ಪಾ!"

ಹಿಂದೆಯಿಂದ ಯಾರೋ ಅಂದ್ರು,

"ಯಾರು ಬೇಕು?"

ಕನ್ನಡದಲ್ಲಿ.

ಭಾಗ 6

ತಿರುಗಿ ನೋಡಿದ್ರೆ ಒಬ್ಬ ತಾತ. ತಲೆ ಮೇಲೆ ನೇಪಾಳಿ ಟೋಪಿ, ಮೈಮೇಲೆ ಹಳೇ ಸ್ವೆಟರ್. ಅರವತ್ತೈದು ಇರಬಹುದು. ನಾನು ಬಾಯಿ ಬಿಟ್ಕೊಂಡು ನಿಂತಿದ್ದು ನೋಡಿ ಮತ್ತೆ ಕೇಳಿದ್ರು, "ಎಲ್ಲಿಂದ ಬಂದಿದ್ದು? ಯಾವ ಫ್ಲ್ಯಾಟ್?" ಅಂದು ಅವರೇ ಜೋರಾಗಿ ನಕ್ರು.

ಬೆಂಗಳೂರಲ್ಲಿ ಹದಿನಾಲ್ಕು ವರ್ಷ ವಾಚ್‌ಮನ್ ಆಗಿದ್ರಂತೆ. ಇಲ್ಲಿ ಮಾವೋವಾದಿಗಳ ಯುದ್ಧ ನಡೀತಿದ್ದಾಗ ಊರಲ್ಲಿ ಗಂಡಸರು ಇರೋದೇ ಕಷ್ಟ ಅಂತ ಹೋದವರು. ಈಗ ಮಗ ಕತಾರ್‌ನಲ್ಲಿ, ಇವರು ಅಂಗಡಿಯಲ್ಲಿ.

ಅವರ ಕನ್ನಡ ಕೇಳ್ಬೇಕಿತ್ತು ನೀವು. ತಪ್ಪೇ ಇಲ್ಲ, ಆದ್ರೆ ಎಲ್ಲಾ ಗೇಟಿನ ಕನ್ನಡ. ಯಾರು ಬೇಕು. ಸೈನ್ ಮಾಡಿ. ಗಾಡಿ ಇಲ್ಲಿ ಹಾಕ್ಬೇಡಿ. ನೀರು ಬಂದಿಲ್ಲ. ಮೋಟಾರ್ ಆಫ್ ಮಾಡಿದೀನಿ. ಸಾರ್ ಮನೇಲಿ ಇಲ್ಲ. ಮಳೆ ಬಗ್ಗೆ, ಬೆಳೆ ಬಗ್ಗೆ, ಮೊಮ್ಮಗಳ ಬಗ್ಗೆ ಹೇಳೋಕೆ ಅವರ ಹತ್ರ ಕನ್ನಡ ಇರ್ಲಿಲ್ಲ, ಹಿಂದಿಗೆ ಹೋಗ್ತಿದ್ರು. ಹದಿನಾಲ್ಕು ವರ್ಷದಲ್ಲಿ ಅವರ ಹತ್ರ ಯಾರೂ ಅಷ್ಟು ಮಾತಾಡೇ ಇಲ್ಲ.

ಅವರ ಫೋನಿಂದ ಅಮ್ಮನಿಗೆ ಮಾಡಿದೆ. ಗೊತ್ತಿಲ್ಲದ ನಂಬರ್ ಅಂತ ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಎತ್ತಿ, ನನ್ನ ದನಿ ಕೇಳಿದ್ದೇ ಬೈಯೋಕೆ ಶುರು ಮಾಡಿ, ಅರ್ಧಕ್ಕೆ ಅಳೋಕೆ ಶುರು ಮಾಡಿದ್ಲು. ನನಗೂ ಮಾತು ಹೊರಡ್ಲಿಲ್ಲ. ತಾತ ಕೈ ಚಾಚಿ ಫೋನ್ ಇಸ್ಕೊಂಡ್ರು.

"ಅಮ್ಮ, ನಮಸ್ಕಾರ. ಹುಡುಗಿ ಬಂದಿದೆ. ಒಳಗೆ ಇದೆ. ನಾನು ಇಲ್ಲೇ ಇದೀನಿ, ಗೇಟ್ ಲಾಕ್ ಮಾಡಿದೀನಿ. ಟೆನ್ಷನ್ ಬೇಡ."

ಅಲ್ಲಿ ಗೇಟೇ ಇರ್ಲಿಲ್ಲ. ಇದ್ದಿದ್ದು ಒಂದು ತಗಡಿನ ಬಾಗಿಲು, ಅದಕ್ಕೂ ಚಿಲಕದ ಬದಲು ಹಗ್ಗ.

ಫೋನ್ ವಾಪಸ್ ತಗೊಂಡಾಗ ಅಮ್ಮನ ದನಿ ಬದಲಾಗಿತ್ತು. "ಒಳ್ಳೇವ್ರ ಥರ ಅದಾರಲ್ಲೇ. ಯಾವೂರಂತೆ?"

ಭಾಗ 7

ರಾತ್ರಿ ಆಮಾ (ತಾತನ ಹೆಂಡತಿ, ಎಲ್ಲರೂ ಹಂಗೇ ಕರೀತಾರೆ) ಒಲೆ ಪಕ್ಕ ಕೂರಿಸಿ ಅನ್ನ ಬಡಿಸಿದ್ರು. ನನ್ನನ್ನ "ನಾನಿ" ಅಂತಿದ್ರು. ಹಿಂದೀಲಿ ನಾನಿ ಅಂದ್ರೆ ಅಜ್ಜಿ ಅಲ್ವಾ, ನೇಪಾಳಿಯಲ್ಲಿ ಮಗು ಅಂತ.

ಆಮಾ ಬೆಂಗಳೂರು ನೋಡೇ ಇಲ್ಲ. ಗಂಡ ಹದಿನಾಲ್ಕು ವರ್ಷ ಅಲ್ಲಿದ್ದು, ಎರಡು ವರ್ಷಕ್ಕೊಂದು ಸಲ ಬಂದು ಹೋಗ್ತಿದ್ದಾಗ, ಅವರು ಎಲ್ಲಿ ಕೂರ್ತಾರೆ, ಎಲ್ಲಿ ನಿಲ್ತಾರೆ ಅಂತ ಮನಸ್ಸಲ್ಲೇ ಮಾಡ್ಕೊಂಡಿದ್ರಂತೆ. ನನ್ನ ಫೋನ್ ತೋರಿಸಿ ಏನೋ ಕೇಳಿದ್ರು. ತಾತ ಹೇಳಿದ್ರು: ಬೆಂಗಳೂರಿನ ಗೇಟ್ ಫೋಟೋ ಇದ್ರೆ ತೋರಿಸಬೇಕಂತೆ. ಯಾವುದಾದ್ರೂ ಗೇಟು. ವಾಚ್‌ಮನ್ ಇರೋದು.

ನನ್ನ ಗ್ಯಾಲರಿಯಲ್ಲಿ ಆರು ಸಾವಿರ ಚಿಲ್ಲರೆ ಫೋಟೋ. ಸ್ಕ್ರೋಲ್ ಮಾಡಿದೆ. ಕೆಫೆ, ಕಬ್ಬನ್ ಪಾರ್ಕ್, ಚರ್ಚ್ ಸ್ಟ್ರೀಟ್, ಮೆಟ್ರೋ, ಕಾಲೇಜ್ ಫೆಸ್ಟ್, ನೀವೆಲ್ಲ. ಗೇಟ್ ಇಲ್ಲ. ಗೇಟಿನ ಫೋಟೋ ಯಾರು ತೆಗೀತಾರೆ? ಹಿಂದೆ ಹೋಗ್ತಾ ಹೋಗ್ತಾ ಮಾರ್ಚ್‌ಗೆ ಬಂದೆ.

ಒಂದಿತ್ತು.

ಪಿಜಿಯಲ್ಲಿ ನನ್ನ ಜೊತೆ ಇದ್ದವರಿಗೆ ನೆನಪಿರುತ್ತೆ. ಮಾರ್ಚ್ ಅಂದ್ರೆ ಆಡಿಟರ್ ಆಫೀಸಲ್ಲಿ ಇಯರ್ ಎಂಡ್. ಒಂದಿನ ರಾತ್ರಿ ಹತ್ತೂ ಮುಕ್ಕಾಲಿಗೆ ಬಂದೆ, ಗೇಟ್ ಬೀಗ. ನಮ್ಮ ವಾಚ್‌ಮನ್ ಒಳಗೆ ಗೋಡೆಗೆ ತಲೆ ಕೊಟ್ಟು ನಿದ್ದೆ ಹೊಡೀತಿದ್ದ. ಕೂಗ್ದೆ, ಗೇಟ್ ಬಡಿದೆ, ಇಪ್ಪತ್ತು ನಿಮಿಷ. ಸಿಟ್ಟು ನೆತ್ತಿಗೇರಿ ಗೇಟಿನ ಸರಳುಗಳ ಮಧ್ಯದಿಂದ ಫ್ಲ್ಯಾಶ್ ಹಾಕಿ ಅವನ ಫೋಟೋ ತೆಗೆದು ಪಿಜಿ ಗ್ರೂಪಿಗೆ ಹಾಕಿದೆ. "ಬಹದ್ದೂರ್ ಆನ್ ಡ್ಯೂಟಿ. ಇದಕ್ಕಾ ನಾವು ತಿಂಗಳಾ ತಿಂಗಳಾ ದುಡ್ಡು ಕೊಡೋದು?" ಅಂತ. ಎಲ್ಲರೂ ನಗೋ ಇಮೋಜಿ ಹಾಕಿದ್ರಿ. ಓನರ್ ಅವನ ಒಂದು ವಾರದ ಸಂಬಳ ಹಿಡಿದ್ರು. ಸರಿಯಾಗೇ ಆಯ್ತು ಅಂದ್ಕೊಂಡು ಮಲಗಿದ್ದೆ ನಾನು.

ಈಗ ಪಾಲ್ಪಾ ಜಿಲ್ಲೆಯ ಒಂದು ಒಲೆ ಮುಂದೆ ಆ ಫೋಟೋ ನನ್ನ ಕೈಲಿ. ಆಗ ನೋಡಿದೆ, ಅವನು ಕೂತಿರೋದು ಮಗುಚಿ ಹಾಕಿದ ಪೇಂಟ್ ಬಕೆಟ್ ಮೇಲೆ. ಮಾರ್ಚ್‌ನಲ್ಲಿ ಬಕೆಟ್ ನನಗೆ ಕಂಡಿರ್ಲಿಲ್ಲ.

"ಇಲ್ಲ ಆಮಾ" ಅಂದೆ. ಫೋನ್ ಆಫ್ ಮಾಡಿದೆ. ಚಾರ್ಜ್ ಇಲ್ಲ ಅಂತ ಸುಳ್ಳು ಹೇಳಿದೆ.

ಭಾಗ 8

ಆಮೇಲೆ ನಾನೇ ತಾತನ್ನ ಕೇಳಿದೆ, ಡ್ಯೂಟಿಲಿ ನಿದ್ದೆ ಬರ್ತಿರ್ಲಿಲ್ವಾ ಅಂತ. ಯಾಕೆ ಕೇಳ್ತಿದೀನಿ ಅಂತ ಅವರಿಗೆ ಗೊತ್ತಿಲ್ಲ ಪಾಪ.

ಬರ್ತಿತ್ತು ಅಂದ್ರು. ರಾತ್ರಿ ಡ್ಯೂಟಿ ಮುಗಿಸಿ ಬೆಳಗಿನ ಜಾವ ಐದಕ್ಕೆ ಕಾರ್ ತೊಳೆಯೋದು, ಒಂದು ಕಾರಿಗೆ ತಿಂಗಳಿಗೆ ಇಷ್ಟು ಅಂತ. ಏಳಕ್ಕೆ ಹಾಲು ಪೇಪರ್. ಮಧ್ಯಾಹ್ನ ಪಂಪ್ ರೂಮಲ್ಲಿ ಮಲಗಿದ್ರೆ ಯಾರೋ ಗ್ಯಾಸ್ ಸಿಲಿಂಡರ್ ಎತ್ತೋಕೆ ಕರೀತಾರೆ. ಸಂಬಳ ಊರಿಗೆ ಪೂರ್ತಿ ಹೋಗ್ಬೇಕು, ಕಾರ್ ದುಡ್ಡಲ್ಲಿ ಊಟ. ಮೊದಲ ಬಿಲ್ಡಿಂಗಲ್ಲಿ ಮೂರು ವರ್ಷ ಕುರ್ಚಿ ಇರ್ಲಿಲ್ಲ. ಕೂತ್ರೆ ನಿದ್ದೆ ಮಾಡ್ತಾನೆ ಅಂತ ಓನರ್ ಕೊಡ್ಲಿಲ್ಲ. ಆಮೇಲೆ ಯಾರೋ ಮನೆ ಖಾಲಿ ಮಾಡೋವಾಗ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ ಎಸೆದ್ರು. ಅದಕ್ಕೆ ತಂತಿ ಕಟ್ಟಿ ಹನ್ನೊಂದು ವರ್ಷ ಕೂತ್ರಂತೆ. ಆ ಕುರ್ಚಿ ವಿಷಯ ಹೇಳೋವಾಗ ತಾತನ ಮುಖ ನೋಡ್ಬೇಕಿತ್ತು, ನಮ್ಮ ಕ್ಲಾಸಲ್ಲಿ ಹುಡುಗರು ಬೈಕ್ ಬಗ್ಗೆ ಹೇಳ್ತಾರಲ್ಲ, ಹಂಗೆ.

ಹೆಸರು ಕೇಳಿದೆ. ಹೇಳಿದ್ರು. ಬೆಂಗಳೂರಲ್ಲಿ ಎಲ್ಲರೂ ಬಹದ್ದೂರ್ ಅಂತಿದ್ರು, ಅದು ನನ್ನ ಹೆಸರಲ್ಲ ಅಂತ ಮೊದಲ ವರ್ಷ ಹೇಳಿ ಆಮೇಲೆ ಬಿಟ್ಬಿಟ್ಟೆ ಅಂದ್ರು. "ರಿಜಿಸ್ಟರ್‌ನಲ್ಲಿ ಬಂದವರು ಹೋದವರು ಎಲ್ಲರ ಹೆಸರು ನಾನೇ ಬರೆಸೋದು. ನನ್ನ ಹೆಸರು ಬರೆಯೋಕೆ ಕಾಲಮ್ ಇಲ್ಲ." ಇದನ್ನ ದುಃಖದಲ್ಲಿ ಹೇಳಲಿಲ್ಲ, ಜೋಕ್ ಥರ ಹೇಳಿದ್ರು. ಹೆಸರು ಇಲ್ಲಿ ಹಾಕಲ್ಲ, ಹಾಕ್ಲಾ ಅಂತ ಕೇಳಿದ್ದಕ್ಕೆ ಬೇಡ ಅಂದ್ರು.

ರಾತ್ರಿ ಎರಡಕ್ಕೆ ಎಚ್ಚರ ಆಯ್ತು. ಮಳೆ ತಗಡಿನ ಮೇಲೆ ಕಲ್ಲು ಸುರಿದ ಹಾಗೆ. ಬಾಗಿಲ ಸಂದಿಯಿಂದ ನೋಡಿದ್ರೆ ತಾತ ಹೊರಗೆ ಸೂರಿನ ಕೆಳಗೆ ಕುರ್ಚಿ ಹಾಕ್ಕೊಂಡು ಕೂತಿದ್ರು, ತೊಡೆ ಮೇಲೆ ನಮ್ಮಪ್ಪನ ಟಾರ್ಚು. ಬೆಟ್ಟದ ಮೇಲಿಂದ ಏನಾದ್ರೂ ಸದ್ದಾದ್ರೆ ಆ ಕಡೆ ಬೆಳಕು ಬಿಡ್ತಿದ್ರು. ನಾನು ಮತ್ತೆ ಮಲಗಿದೆ. ಇಡೀ ಟ್ರಿಪ್ಪಲ್ಲಿ ಚೆನ್ನಾಗಿ ನಿದ್ದೆ ಬಂದಿದ್ದು ಅವತ್ತೇ.

ಭಾಗ 9

ಬೆಳಿಗ್ಗೆ ಎದ್ರೆ ಕೆಳಗಿನ ಗದ್ದೆ ತುಂಬ ಜನ. ಅವತ್ತು ಅವರ ಅಸಾರ್ ತಿಂಗಳ ಹದಿನೈದು, ಭತ್ತ ನಾಟಿ ಮಾಡೋ ಹಬ್ಬ. ಅಸಾರ್ ಅಂದ್ರೆ ನಮ್ಮ ಆಷಾಢವೇ. ನಮ್ಮಲ್ಲಿ ಹೊಸ ಮದುವೆ ಹೆಣ್ಣನ್ನ ತವರಿಗೆ ಕಳಿಸ್ತಾರೆ, ಇಲ್ಲಿ ಎಲ್ಲರೂ ಗದ್ದೆಗಿಳಿದು ಒಬ್ಬರ ಮೇಲೊಬ್ಬರು ಕೆಸರು ಎರಚ್ತಾರೆ. ಅವತ್ತು ತಿನ್ನಲೇಬೇಕಾದ್ದು ಏನು ಗೊತ್ತಾ? ಮೊಸರವಲಕ್ಕಿ! ಆಮಾ ಬಟ್ಟಲು ತುಂಬ ಕೊಟ್ರು. ಒಗ್ಗರಣೆ ಇಲ್ಲ, ಮೆಣಸಿನಕಾಯಿ ಇಲ್ಲ, ಆದ್ರೂ ಎರಡನೇ ತುತ್ತಿಗೆ ಮನೆ ನೆನಪಾಯ್ತು.

ಹತ್ತೂವರೆಗೆ ಮಷಿನ್ ದಾರಿ ಮಾಡ್ತು. ದುಡ್ಡು ಕೊಡೋಕೆ ಹೋದೆ, ತಾತ ಕೈ ಹಿಂದಕ್ಕೆ ಕಟ್ಕೊಂಡ್ರು. ಟಾರ್ಚ್ ಕೊಟ್ಟೆ, ತಗೊಂಡ್ರು. ಮಗನ ವಾಟ್ಸಾಪ್ ನಂಬರ್ ಬರೆಸಿ ಆಮಾ ಮತ್ತೆ ಹೇಳಿದ್ರು, ಗೇಟಿನ ಫೋಟೋ.

ಪೋಖರಾ, ಕಾಠ್ಮಂಡು ಬೇಗ ಹೇಳಿ ಮುಗಿಸ್ತೀನಿ, ಅದೆಲ್ಲ ರೀಲ್‌ಗಳಲ್ಲಿ ಬೇಕಾದಷ್ಟಿದೆ. ಪೋಖರಾದಲ್ಲಿ ನಾಲ್ಕು ರಾತ್ರಿ, ಫೇವಾ ಕೆರೆ ಪಕ್ಕ ಡಾರ್ಮ್, ಮೂರನೇ ದಿನ ಬೆಳಿಗ್ಗೆ ಐದೂವರೆಗೆ ಆ ಇಪ್ಪತ್ತು ನಿಮಿಷ: ಮಚ್ಛಾಪುಚ್ಛ್ರೆ, ಮೀನಿನ ಬಾಲದ ಬೆಟ್ಟ, 6,993 ಮೀಟರ್. 1957ರಲ್ಲಿ ಬ್ರಿಟಿಷ್ ತಂಡ ಹತ್ತೋಕೆ ಹೋಗಿ, ಜನರ ನಂಬಿಕೆಗೆ ಬೆಲೆ ಕೊಟ್ಟು ತುದಿಗೆ ಸ್ವಲ್ಪ ಬಾಕಿ ಇರುವಾಗಲೇ ಇಳಿದು ಬಂತು. ಕಾಠ್ಮಂಡುವಿನಲ್ಲಿ ಪಶುಪತಿನಾಥನ ಪೂಜೆ ಮಾಡೋ ಭಟ್ಟರು ನಮ್ಮ ಕರ್ನಾಟಕದ ಕಡೆಯವರು, ಅದು ತಲೆತಲಾಂತರದಿಂದ ಬಂದ ಪದ್ಧತಿ. ಅವರಿಗೆ ಆ ಊರಲ್ಲಿ ಎಷ್ಟು ಮರ್ಯಾದೆ! ನಮ್ಮಿಂದ ಅಲ್ಲಿಗೆ ಹೋದವರು ಭಟ್ಟರು, ಅಲ್ಲಿಂದ ನಮ್ಮಲ್ಲಿಗೆ ಬಂದವರು ಬಹದ್ದೂರ್. ಭಕ್ತಪುರದಲ್ಲಿ ಐಡಿ ತೋರಿಸಿ ಸಾರ್ಕ್ ರೇಟಲ್ಲಿ ಟಿಕೆಟ್ ತಗೊಳ್ಳಿ, ಬಿಳಿಯರ ಟಿಕೆಟ್ಟಿನ ಮೂರನೇ ಒಂದು ಭಾಗಕ್ಕಿಂತ ಕಮ್ಮಿ.

ಒಟ್ಟು ಖರ್ಚು 16,340. ಬ್ಯಾಗಿನಲ್ಲಿದ್ದ ಪುಸ್ತಕದಲ್ಲಿ ದಿನದ ಲೆಕ್ಕ ಬರೀತಿದ್ದೆ. ಪಾಲ್ಪಾದ ದಿನ ಬಂದಾಗ ಏನು ಬರೀಬೇಕು ತಿಳೀಲಿಲ್ಲ. ದುಡ್ಡಲ್ಲಿ ಅಳೆಯೋಕಾಗದ್ದನ್ನ ಪುಸ್ತಕಕ್ಕೆ ಏರಿಸೋ ಹಾಗಿಲ್ಲ ಅಂತ ಫಸ್ಟ್ ಸೆಮ್‌ನಲ್ಲೇ ಹೇಳ್ಕೊಟ್ಟಿದ್ದಾರಲ್ಲ. ಸೊನ್ನೆ ಅಂತ ಬರ್ದೆ. ಈಗಲೂ ಹಂಗೇ ಇದೆ.

ಭಾಗ 10

ವಾಪಸ್ ಬಂದ ಎರಡನೇ ದಿನ ರಾತ್ರಿ ನಮ್ಮ ಪಿಜಿ ವಾಚ್‌ಮನ್ ಹತ್ರ ಹೋದೆ. ಹೆಂಗೆ ಶುರು ಮಾಡೋದು ಗೊತ್ತಾಗದೆ, ನಾನೂ ನೇಪಾಳಕ್ಕೆ ಹೋಗಿದ್ದೆ ಅಂದೆ. ಸುನೌಲಿ ಗೊತ್ತಾ, ಲುಂಬಿನಿ, ತಾನ್‌ಸೇನ್ ರಸ್ತೆ ಅಂತ ದೊಡ್ಡದಾಗಿ ಹೇಳ್ತಾ ಹೋದೆ. ಅವನು ಸುಮ್ನೆ ಕೇಳಿದ. ಅವನ ಊರು ಅಛಾಮ್, ಪಶ್ಚಿಮದ ತುದಿ. ಅವರು ಸುನೌಲಿ ಕಡೆ ಬರೋದೇ ಇಲ್ಲ, ಬನ್ಬಾಸಾ ಗಡಿ ದಾಟ್ತಾರೆ. ಪೋಖರಾ ನೋಡಿಲ್ಲ. ಕಾಠ್ಮಂಡು ನೋಡಿಲ್ಲ. ಹದಿನೇಳಕ್ಕೆ ಇಂಡಿಯಾಕ್ಕೆ ಬಂದವನು, ಈಗ ಇಪ್ಪತ್ತಮೂರು. ನನಗಿಂತ ಮೂರೇ ವರ್ಷ ದೊಡ್ಡವನು, ನಾನು ನಲವತ್ತು ಅಂದ್ಕೊಂಡಿದ್ದೆ.

ಫೋನಲ್ಲಿ ಮಚ್ಛಾಪುಚ್ಛ್ರೆ ತೋರಿಸಿದೆ. ಜೂಮ್ ಮಾಡಿ ಮಾಡಿ ನೋಡಿದ. ಬಸ್ಸಿಗೆ ಎಷ್ಟು ಕೊಟ್ರಿ ಅಂತ ಕೇಳಿದ.

ಆಮೇಲೆ ಹೇಳಿದೆ. ಮಾರ್ಚಲ್ಲಿ ಗ್ರೂಪಿಗೆ ಫೋಟೋ ಹಾಕಿದ್ದು ನಾನು ಅಂತ.

"ಗೊತ್ತು" ಅಂದ.

ಇಷ್ಟು ದಿನ ಗೊತ್ತಿದ್ದೂ ದಿನಾ ಗೇಟ್ ತೆಗೆದಿದ್ದಾನೆ. ಒಂದು ವಾರದ ಸಂಬಳ ಎಷ್ಟು ಅಂತ ಕೇಳಿ, ಉಳಿದಿದ್ದ 1,660 ರೂಪಾಯಿ ಕವರಲ್ಲಿ ಹಾಕಿ ಕೊಟ್ಟೆ. ಪೂರ್ತಿ ಆಗಲ್ಲ ಅದು, ಮುಂದಿನ ತಿಂಗಳು ಮಿಕ್ಕಿದ್ದು ಅಂದೆ. ಬೇಡ ಅಂತ ಅವನು ಅನ್ನಲಿಲ್ಲ. ಎಣಿಸಿ ಜೇಬಿಗೆ ಇಟ್ಕೊಂಡ. ಅನ್ನಲಿಲ್ಲ ಅಂತ ನನಗೆ ಒಂಥರಾ ಸಮಾಧಾನ ಆಯ್ತು.

ಹೆಸರು ಕೇಳಿದೆ. ಪಿಜಿ ಹುಡುಗೀರೇ, ನೀವೂ ಕೇಳಿ, ಇಲ್ಲಿ ಹಾಕಲ್ಲ.

ಆಮಾಗೆ ಒಂದು ಫೋಟೋ ಬೇಕಿತ್ತು, ತೆಗೀಲಾ ಅಂದೆ. ಇರಿ ಅಂತ ಒಳಗೆ ಹೋಗಿ, ಮುಖ ತೊಳ್ಕೊಂಡು, ಯೂನಿಫಾರಂ ಟೋಪಿ ಹಾಕ್ಕೊಂಡು ಬಂದು ಗೇಟ್ ಮುಂದೆ ಅಟೆನ್ಷನ್‌ನಲ್ಲಿ ನಿಂತ. ನಗು ಅಂದ್ರೂ ನಗಲಿಲ್ಲ. ಫೋಟೋನ ಕತಾರ್ ನಂಬರಿಗೆ ಕಳಿಸಿದೆ, ಹಳೇದನ್ನ ಡಿಲೀಟ್ ಮಾಡಿದೆ.

ಮೂರು ದಿನ ಏನೂ ಬರ್ಲಿಲ್ಲ. ನಿನ್ನೆ ರಾತ್ರಿ ಒಂದು ವಾಯ್ಸ್ ಮೆಸೇಜ್ ಫಾರ್ವರ್ಡ್ ಆಗಿ ಬಂತು. ಹಿಂದೆ ಮಳೆ ಸದ್ದು, ಕೋಳಿ ಸದ್ದು, ಆಮಾ ಏನೋ ಹೇಳ್ತಿರೋ ಸದ್ದು. ಆಮೇಲೆ ತಾತನ ದನಿ, ಅದೇ ಗೇಟಿನ ಕನ್ನಡ:

"ನಾನಿ, ಫೋಟೋ ಬಂತು. ಗೇಟ್ ಚೆನ್ನಾಗಿದೆ. ಲೈಟ್ ಚೆನ್ನಾಗಿದೆ. ಹುಡುಗನ ಕುರ್ಚಿ ಎಲ್ಲಿ?"